ಎಂ184ವಿ, ಕೆ103ಎನ್ ಎರಡೂ ಬಂದಿವೆ, ಮುಂದೇನು?

ಪ್ರಶ್ನೆ: ಅಣ್ಣನ ಎಚ್‌ಐವಿ ರಿಪೋರ್ಟಿನಲ್ಲಿ ಈ ಎರಡು ಮ್ಯುಟೇಶನ್ (ವೈರಸ್ಸಿನಲ್ಲಾದ ಬದಲಾವಣೆ) ಬಂದಿವೆ. ಎಫಾವಿರೆಂಜ್, ಲ್ಯಾಮಿವುಡಿನ್, ಟೆನೊಫೊವಿರ್ ತಗೊಳ್ಳುತ್ತಿದ್ದಾರೆ. ಇನ್ನು ಯಾವ ಎಚ್‌ಐವಿ ಔಷಧಿಯೂ ನಾಟುವುದಿಲ್ವಾ? ತುಂಬಾ ಭಯವಾಗಿದೆ.

ಉತ್ತರ 1: ಹಾಗೇನಿಲ್ಲ, ಧೈರ್ಯವಾಗಿರಿ. ಕೆ103ಎನ್ ಇದ್ದರೆ ಎಫಾವಿರೆಂಜ್, ನೆವಿರಪಿನ್ ಎರಡೂ ನಾಟುವುದಿಲ್ಲ, ನಿಜ. ಆದರೆ ಡೊಲುಟೆಗ್ರಾವಿರ್ ಎಂಬ ಔಷಧಿ ತಡೆಯುವುದು ವೈರಸ್ಸಿನ ಬೇರೆಯೇ ಕಿಣ್ವವನ್ನು. ಅದಕ್ಕೆ ಇವು ಅಡ್ಡ ಬರುವುದಿಲ್ಲ.

ಉತ್ತರ 2: ಎಂ184ವಿ ವಿಷಯವೇ ಬೇರೆ. ಈಗಿನ ಮಾತ್ರೆಗಳು ತಡೆಯುವ ಕಿಣ್ವದ (ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್) 184ನೇ ಜಾಗದಲ್ಲಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಹೋಗಿ ವ್ಯಾಲಿನ್ ಕೂರುತ್ತದೆ, ಅಷ್ಟಕ್ಕೇ ಲ್ಯಾಮಿವುಡಿನ್ ಹೆಚ್ಚುಕಮ್ಮಿ ಸೋಲುತ್ತದೆ, ಆದರೆ ವೈರಸ್ ಬೆಳೆಯುವ ಶಕ್ತಿಯೂ ಕುಗ್ಗುತ್ತದೆ, ಟೆನೊಫೊವಿರ್ ಇನ್ನೂ ಚೆನ್ನಾಗಿ ನಾಟುತ್ತದೆ. ಅದಕ್ಕೇ ಎಷ್ಟೋ ಸಲ ಲ್ಯಾಮಿವುಡಿನ್ ನಿಲ್ಲಿಸುವುದಿಲ್ಲ.

ಉತ್ತರ 3: ಡಾಕ್ಟರ್ ಬದಲಾಯಿಸುವವರೆಗೂ ದಯವಿಟ್ಟು ಮಾತ್ರೆ ಬಿಡಿಸಬೇಡಿ. ಬಿಟ್ಟಮೇಲೆ ಪರೀಕ್ಷೆಯಲ್ಲಿ ಮ್ಯುಟೇಶನ್ ಕಾಣದಿರಬಹುದು, ಹಾಗಂತ ಹೋಯಿತು ಅಂತಲ್ಲ, ಜೀವಕೋಶಗಳಲ್ಲಿ ಅಡಗಿಯೇ ಇರುತ್ತದೆ.