ಸೋಂಕಿನ ನಂತರ ರಕ್ತ ಹೆಪ್ಪುಗಟ್ಟುವುದೇಕೆ?

ಪ್ರಶ್ನೆ (ಶಿರಸಿ):
ಅಡಿಕೆ ತೋಟದಲ್ಲಿ ಕತ್ತಿ ತಾಗಿದ ಗಾಯ ಕೀವುಗಟ್ಟಿ ನಮ್ಮ ಮಾವನವರಿಗೆ ಜ್ವರ ಬಂದಿತ್ತು. ಜ್ವರ ಇಳಿಯುವಷ್ಟರಲ್ಲಿ ಅದೇ ಕಾಲಿನ ಮೀನಖಂಡ ಊದಿಕೊಂಡು, ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದು ಸ್ಕ್ಯಾನಿಂಗ್‌ನಲ್ಲಿ ಕಂಡಿತು. ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳಿಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ (ಕಾರವಾರ):
ಖಂಡಿತ ಇದೆ. ಸೋಂಕು ತಗುಲಿದಾಗ ಬಿಳಿ ರಕ್ತಕಣಗಳ ಒಂದು ಬಗೆಯಾದ ಮೊನೊಸೈಟ್‌ಗಳು ಸಂದೇಶವಾಹಕ ಪ್ರೋಟೀನುಗಳಾದ ಸೈಟೊಕೈನ್‌ಗಳನ್ನು ಸ್ರವಿಸಿ ಉರಿಯೂತವನ್ನು ಹೆಚ್ಚಿಸುವುದಲ್ಲದೆ, ತಮ್ಮ ಹೊರಮೈಯಲ್ಲಿ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನನ್ನು ತೋರ್ಪಡಿಸುತ್ತವೆ. ಅದರಿಂದ ರಕ್ತವನ್ನು ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ಕಿಣ್ವದ ಉತ್ಪತ್ತಿಗೆ ಚಾಲನೆ ಸಿಕ್ಕಿ, ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ ಎಂಬ ಪ್ರೋಟೀನು ಫೈಬ್ರಿನ್ ಎಳೆಗಳಾಗಿ ಗಟ್ಟಿಗೊಳ್ಳುತ್ತದೆ. ಮತ್ತೊಂದು ಬಗೆಯ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳ ವಿಷಯ ಇನ್ನೂ ಸೋಜಿಗದ್ದು. ಅವು ತಮ್ಮದೇ ಡಿಎನ್‌ಎಯನ್ನು ಬಲೆಯಾಗಿ ಹೊರಚೆಲ್ಲಿ ಬ್ಯಾಕ್ಟೀರಿಯಾಗಳನ್ನು ಹಿಡಿಯುತ್ತವೆ ಎಂಬುದು 2004ರಲ್ಲಿ ಬೆಳಕಿಗೆ ಬಂತು. ನಮ್ಮ ಮೀನುಗಾರರ ಬೀಸುಬಲೆಗೆ ಕಸಕಡ್ಡಿಯೂ ಸಿಲುಕುವಂತೆ, ಆ ಎಳೆಗಳಿಗೆ ಪ್ಲೇಟ್‌ಲೆಟ್‌ಗಳೂ ಕೆಂಪು ಕಣಗಳೂ ಅಂಟಿಕೊಂಡು ಹೆಪ್ಪು ಬೆಳೆಯುತ್ತದೆ.

ಉತ್ತರ (ಕುಮಟಾ):
ಥ್ರಾಂಬಿನ್ ತಾನೇ ರಕ್ತನಾಳದ ಒಳಪದರವನ್ನು ಕೆರಳಿಸಿ ಉರಿಯೂತವನ್ನು ಮತ್ತಷ್ಟು ಹೆಚ್ಚಿಸುತ್ತದೆ ಎಂಬುದನ್ನೂ ಸೇರಿಸಬೇಕು. ಜ್ವರದಲ್ಲಿ ಮಲಗಿಯೇ ಇದ್ದುದೂ ಕಾರಣವಾಗಿರಬಹುದು. ದಯವಿಟ್ಟು ಆ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬೇಡಿ. ವೈದ್ಯರು ಹೇಳುವವರೆಗೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಲ್ಲಿಸಬೇಡಿ. ಹಠಾತ್ತಾಗಿ ಉಸಿರುಗಟ್ಟಿದರೆ ಅಥವಾ ಎದೆ ನೋವು ಬಂದರೆ, ಹೆಪ್ಪು ಶ್ವಾಸಕೋಶಕ್ಕೆ ಸಾಗಿರುವ ಸಂಭವವಿರುವುದರಿಂದ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.