ಬಾಯಿಹುಣ್ಣಿಗೆ ಮೊಗ್ರಾ ಎಲೆಯೋ, ಜಾಜಿ ಎಲೆಯೋ?

ಪ್ರಶ್ನೆ (ಮುಲುಂಡ್, ಮುಂಬಯಿ)
ನನ್ನ ತಾಯಿಯವರಿಗೆ ಮೇಲಿಂದ ಮೇಲೆ ಬಾಯಿಹುಣ್ಣಾಗುತ್ತಿದ್ದು, ಸಾರಿಗೆ ತುಸು ಖಾರ ಹೆಚ್ಚಾದರೂ ಕಣ್ಣಲ್ಲಿ ನೀರು ಬರುತ್ತದೆ. ಮಲ್ಲಿಗೆ ಎಲೆ ಅಗಿದರೆ ವಾಸಿಯಾಗುತ್ತದೆ ಎಂದು ಉಡುಪಿಯಿಂದ ದೊಡ್ಡಮ್ಮ ಫೋನಿನಲ್ಲಿ ತಿಳಿಸಿದ್ದಾರೆ. ನಮ್ಮ ಗ್ಯಾಲರಿಯ ಕುಂಡದಲ್ಲಿರುವುದು ಮೊಗ್ರಾ, ಅಂದರೆ ದುಂಡುಮಲ್ಲಿಗೆ. ಅದರ ಎಲೆ ಆದೀತೇ? ಮನೆಯಲ್ಲಿರುವ, ಗಾಯಕ್ಕೆ ಹಚ್ಚುವ ಜಾತ್ಯಾದಿ ತೈಲವನ್ನು ಹುಣ್ಣಿಗೆ ಹಚ್ಚಬಹುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಮಾಟುಂಗಾ)
ನಿಮ್ಮ ದೊಡ್ಡಮ್ಮನವರ ಮನಸ್ಸಿನಲ್ಲಿದ್ದದ್ದು ಜಾಜಿಯೇ ಇರಬೇಕು. ಆಯುರ್ವೇದವು ಮುಖಪಾಕಕ್ಕೆ, ಅಂದರೆ ಬಾಯಿಹುಣ್ಣಿಗೆ, ಹೇಳುವುದು ಜಾತೀಪತ್ರವನ್ನು. ಅದು ಇಲ್ಲಿನವರು ಜಾಯಿ ಎಂದು ಕರೆಯುವ ಬಳ್ಳಿಯ ಎಲೆ. ಗುರುತಿಸುವುದು ಕಷ್ಟವಲ್ಲ. ಮೊಗ್ರಾದ ಎಲೆ ಅಗಲವಾಗಿ, ಬಿಡಿಬಿಡಿಯಾಗಿರುತ್ತದೆ. ಜಾಜಿಯಲ್ಲಾದರೆ ಒಂದೇ ಕಡ್ಡಿಯ ಎರಡೂ ಬದಿಗೆ ಜೋಡಿಜೋಡಿಯಾಗಿ ಕಿರುಎಲೆಗಳಿದ್ದು, ತುದಿಯಲ್ಲಿ ಒಂಟಿ ಎಲೆ ಇರುತ್ತದೆ. ಚೆನ್ನಾಗಿ ತೊಳೆದ ಎಲೆಯನ್ನು ಅಗಿದು, ರಸವು ಹುಣ್ಣಿಗೆ ತಾಗುವಂತೆ ಸ್ವಲ್ಪ ಹೊತ್ತು ಬಾಯಲ್ಲಿಟ್ಟು ಉಗುಳುವುದು ರೂಢಿ. ಅಗಿಯಲಾಗದಷ್ಟು ಉರಿಯಿದ್ದರೆ ಜಾಜಿ ಎಲೆ, ಅಮೃತಬಳ್ಳಿ, ದ್ರಾಕ್ಷಿ, ಮರದರಿಸಿನ, ತ್ರಿಫಲಾ ಮೊದಲಾದವುಗಳ ಕಷಾಯವನ್ನು ತಣಿಸಿ, ಜೇನು ಬೆರೆಸಿ ಮುಕ್ಕಳಿಸುವ ಕ್ರಮವೂ ಉಂಟು.

ಉತ್ತರ (ಕೋಥರೂಡ್, ಪುಣೆ)
ಜಾತ್ಯಾದಿ ತೈಲವನ್ನು ಮಾತ್ರ ಬಾಯೊಳಗೆ ಹಚ್ಚಲೇಬೇಡಿ. ಶಾರ್ಙ್ಗಧರ ಸಂಹಿತೆಯಲ್ಲಿ ಹೇಳಿರುವ ಈ ತೈಲದಲ್ಲಿ ಜಾಜಿ, ಬೇವು, ಕಹಿಪಡವಲ, ಹೊಂಗೆಯ ಎಲೆಗಳು, ಅರಿಸಿನ, ಮಂಜಿಷ್ಠ, ಜೇನುಮೇಣಗಳ ಜೊತೆಗೆ ಮೈಲುತುತ್ತವೂ ಇದೆ. ಅದು ತಾಮ್ರದ ಲವಣವಾದ್ದರಿಂದ ಹೊಟ್ಟೆಗೆ ಹೋಗಬಾರದು. ಮೈಮೇಲಿನ ಗಾಯಗಳಿಗಷ್ಟೇ ಆ ಎಣ್ಣೆ. ಮತ್ತೆ ಮತ್ತೆ ಹುಣ್ಣಾಗಲು ಕಬ್ಬಿಣಾಂಶದ ಅಥವಾ ಬಿ12 ಜೀವಸತ್ವದ ಕೊರತೆಯೂ ಕಾರಣವಾಗಬಹುದಾದ್ದರಿಂದ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಒಂದೇ ಜಾಗದ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ಯಾವ ಎಲೆಯನ್ನೂ ನಂಬಿ ಕೂರದೆ ವೈದ್ಯರಿಗೆ ತೋರಿಸಬೇಕು. ತಾಯಿಯವರ ವಿಷಯದಲ್ಲಿ ಇದನ್ನು ಮುಂದೂಡಬೇಡಿ.

ಉತ್ತರ (ಡೊಂಬಿವಲಿ)
ಮೊಗ್ರಾ ಬಾಯಿಹುಣ್ಣಿನ ಮದ್ದಲ್ಲದಿದ್ದರೂ ಅದಕ್ಕೆ ಬೇರೆ ಬಳಕೆಯುಂಟು. ಮಗುವಿಗೆ ಹಾಲು ಬಿಡಿಸುವಾಗ ಎದೆ ಬಿಗಿದು ನೋಯುವ ತಾಯಂದಿರು ಮಲ್ಲಿಗೆ ಹೂವನ್ನು ಎದೆಗೆ ಕಟ್ಟಿಕೊಳ್ಳುವುದು ದಕ್ಷಿಣದಲ್ಲಿ ಹಳೆಯ ಪದ್ಧತಿ. 1988ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಹಾಲು ಬತ್ತಿಸುವ ಬ್ರೋಮೋಕ್ರಿಪ್ಟಿನ್ ಮಾತ್ರೆಯೊಂದಿಗೆ ಹೋಲಿಸಿ, ಹಾಲು ಕಡಿಮೆ ಮಾಡುವುದರಲ್ಲಿ ಹೂವೂ ಪರಿಣಾಮಕಾರಿ ಎಂದು ಕಂಡುಕೊಂಡಿತು. ಹಾಗಾಗಿ ಹಾಲೂಡುತ್ತಿರುವ ಬಾಣಂತಿಯರಿಗೆ ಇದು ಸಲ್ಲದು. ನಿಮ್ಮ ಗ್ಯಾಲರಿಗೆ ಬಿಸಿಲು ಬರುವುದಾದರೆ ಮಳೆಗಾಲದ ಆರಂಭದಲ್ಲಿ ಜಾಜಿಯ ಕಡ್ಡಿಯೊಂದನ್ನು ನೆಡಿ. ಕೀಟನಾಶಕ ಸೋಕದ ಎಲೆ ಕೈಗೆಟುಕುವಲ್ಲೇ ಸಿಗುತ್ತದೆ.