ಐಪಿಎಲ್ ಕ್ರಿಕೆಟ್‌ನ ಪುಣೆಯ ಸೂಪರ್‌ಜೈಂಟ್ ತಂಡ ಎರಡೇ ವರ್ಷಕ್ಕೆ ಯಾಕೆ ಮುಗಿಯಿತು?

ಕೋಥ್ರೂಡ್ ಕನ್ನಡಿಗ: ಸಂಘದ ಗಣೇಶೋತ್ಸವ ಕ್ವಿಜ್‌ಗೆ ಬೇಕು. ಮಾಲೀಕರು ಕೈಬಿಟ್ಟರೋ, ಕ್ರಿಕೆಟ್ ಮಂಡಳಿ (ಬಿಸಿಸಿಐ) ರದ್ದು ಮಾಡಿತೋ?

ಗಹುಂಜೆ ಗ್ಯಾಲರಿ: ಎರಡೂ ಅಲ್ಲ. ಚೆನ್ನೈ, ರಾಜಸ್ಥಾನ ತಂಡಗಳು ಎರಡು ವರ್ಷ ಅಮಾನತಾದಾಗ ಆ ಜಾಗ ತುಂಬಲು ಬಂದದ್ದೇ ಪುಣೆ ಮತ್ತು ಗುಜರಾತ್. ಅವಧಿ ಮೊದಲೇ ನಿಗದಿ: 2016, 2017. ಹರಾಜು ಉಲ್ಟಾ. ಮಂಡಳಿ ತನ್ನ ಆದಾಯದಲ್ಲಿ ತಂಡಕ್ಕೆ ಕೊಡುವ ಪಾಲಿಗೆ ಗರಿಷ್ಠ 40 ಕೋಟಿ ಮಿತಿ; ಯಾರು ಕಡಿಮೆ ಕೇಳುತ್ತಾರೋ ಅವರಿಗೆ ತಂಡ. ಪುಣೆ ತಂಡ ಪಡೆದ ಗೋಯೆಂಕಾ ಕಂಪನಿ ಮೈನಸ್ 16 ಕೋಟಿ ಬರೆಯಿತು. ಅಂದರೆ ಪಾಲೂ ಇಲ್ಲ, ಮೇಲೆ 16 ಕೋಟಿ ಇವರೇ ಕಟ್ಟಬೇಕು!

ಅಂಕಿಅಂಶ ಅಣ್ಣ: 2016ರಲ್ಲಿ ಧೋನಿ ನಾಯಕ, 7ನೇ ಸ್ಥಾನ. ಬರಗಾಲದಿಂದ ಹೈಕೋರ್ಟ್ ಆದೇಶ ಬಂದು ಮೇ 1ರ ನಂತರದ ತವರು ಪಂದ್ಯಗಳು ವಿಶಾಖಪಟ್ಟಣಕ್ಕೆ ಹೋದವು. 2017ರಲ್ಲಿ ಸ್ಮಿತ್ ನಾಯಕ. 'ಸೂಪರ್‌ಜೈಂಟ್ಸ್' ಎಂದಿದ್ದ ಹೆಸರಿನ ಕೊನೆಯ 'ಸ್' ಕೂಡ ಹೋಯಿತು. ಮುಂಬೈಯನ್ನು ಮೂರು ಸಲ ಸೋಲಿಸಿ, ಫೈನಲ್‌ನಲ್ಲಿ ಅದೇ ಮುಂಬೈಗೆ ಒಂದು ರನ್ನಿಂದ ಸೋತರು: 129ಕ್ಕೆ 128. ಕೊನೆಯ ಓವರ್‌ಗೆ 11 ಬೇಕಿತ್ತು. ಜಾನ್ಸನ್‌ರ ಮೊದಲ ಎಸೆತ ಬೌಂಡರಿ. ಮುಂದಿನ ಎರಡಕ್ಕೆ ತಿವಾರಿ, ಸ್ಮಿತ್ ಔಟ್. ಅಲ್ಲೇ ಕೈತಪ್ಪಿತು.

ಹಡಪ್ಸರ್ ಹುಡುಗ: ಕ್ವಿಜ್‌ನಲ್ಲಿ ಪುಣೆ ವಾರಿಯರ್ಸ್ ಜೊತೆ ಬೆರೆಸಬೇಡಿ. ಅದು ಸಹಾರಾದ್ದು, 2011ರಿಂದ 2013. ಉತ್ತಪ್ಪ ಆಡಿದ್ದು ಅದರಲ್ಲಿ; ಮಯಾಂಕ್ ಅಗರ್ವಾಲ್ ಇದ್ದದ್ದು ಸೂಪರ್‌ಜೈಂಟ್‌ನಲ್ಲಿ.